ವಿಮಾನದ ರಸ್ತೆಗೆ ಹೋದ ಮನೆ

ಪುತ್ತೂರಿನ ಕಡೆಯ ಆಲಂಕಾರಿನಲ್ಲಿ ತ್ಯಾಂಪಣ್ಣನ ಮನೆ ಎಂದು ಜನ ಹೇಳುತ್ತಿದ್ದರೂ ಅದು ನಿಜಕ್ಕೂ ಅವನ ಅಕ್ಕ ಪಂಕಜಾಕ್ಷಿಯ ಮನೆ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕ್ರಮದಲ್ಲಿ ಮನೆ, ಗದ್ದೆ ಎಲ್ಲ ಅವಳಿಗೆ, ಅವಳ ನಂತರ ಅವಳ ಒಬ್ಬನೇ ಮಗ ದೇವದಾಸನಿಗೆ. ತ್ಯಾಂಪಣ್ಣನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಆದರೆ ಕಡಬದಿಂದ ಸೇವಂತಿಯನ್ನು ಮದುವೆಯಾಗಿ ತಂದ ಮೇಲೆ, ಅಕ್ಕನ ಒಲೆಯಲ್ಲಿ ಹೆಂಡತಿ ಅನ್ನ ಬೇಯಿಸುವುದನ್ನು ನೋಡುವಾಗ ಅವನಿಗೆ ಏನೋ ಕಸಿವಿಸಿ. ಒಂದು ದಿನ, "ನಮ್ಮದು ಅಂತ ಒಂದು ಒಲೆ ಬೇಕು ಮಾರಾಯ್ತಿ" ಎಂದ. ಮುಂದಿನ ವರ್ಷ ಇಬ್ಬರೂ ಮಂಗಳೂರಿನಲ್ಲಿ ಹಡಗು ಹತ್ತಿ ಬೊಂಬಾಯಿಗೆ ಹೋದರು.

ಊರು ಬಿಡುವಾಗ ಹೆಚ್ಚು ಅತ್ತವಳು ಪಂಕಜಾಕ್ಷಿ. ಅತ್ತಿಗೆ ನಾದಿನಿಯರೆಂದರೆ ಹಾವು ಮುಂಗುಸಿ ಎನ್ನುವವರೆಲ್ಲ ಈ ಇಬ್ಬರನ್ನು ನೋಡಿ ಬಾಯಿ ಮುಚ್ಚುತ್ತಿದ್ದರು. ಸೇವಂತಿಗೆ ಎರಡು ಸಲ ಮಗು ಹೊಟ್ಟೆಯಲ್ಲೇ ಹೋದಾಗ, ಪಕ್ಕದಲ್ಲಿ ಮಲಗಿ ಅವಳನ್ನು ಮಗುವಿನ ಹಾಗೆ ತಟ್ಟಿ ಮಲಗಿಸಿದವಳು ಪಂಕಜಾಕ್ಷಿಯೇ.

ಬೊಂಬಾಯಿಯಲ್ಲಿ ಅವರು ನೆಲೆ ಕಂಡದ್ದು ಸಾಂತಾಕ್ರೂಜಿನ ವಿಮಾನ ನಿಲ್ದಾಣದ ಹತ್ತಿರದ ಒಂದು ಗುಡಿಸಲು ಕೇರಿಯಲ್ಲಿ. ಆಗ ಅಲ್ಲಿ ಹುಲ್ಲು, ಕೆಸರು, ಅಲ್ಲೊಂದು ಇಲ್ಲೊಂದು ತಾಳೆಮರ. ತ್ಯಾಂಪಣ್ಣ ಸಾಮಾನು ಹೊರುವ ಕೆಲಸಕ್ಕೆ ಸೇರಿದ. ಸೇವಂತಿ ಮನೆಯಲ್ಲೇ ಊಟ ಹಾಕಲು ಶುರುಮಾಡಿದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು, ಭಾನುವಾರ ಅಕ್ಕಿಯ ಉಂಡೆ ಬೇಯಿಸಿದ ಪುಂಡಿ. ಮಣ್ಣಿನ ಗೋಡೆಯನ್ನು ಗಂಡಹೆಂಡತಿ ತಾವೇ ಕಟ್ಟಿದ್ದರು. ತಗಡಿನ ಮಾಡು ಬಂದದ್ದು ಆಮೇಲೆ. ಊರಿನ ಕಡೆಯ ಹುಡುಗರಿಗೆ ಆ ಮನೆ ಬೊಂಬಾಯಿಯೊಳಗಿನ ಪುತ್ತೂರಾಯಿತು. ಅವರಲ್ಲಿ ನರಿಮೊಗರಿನ ಪೋಕರ್ ಎಂಬ ಬ್ಯಾರಿ ಮುಸಲ್ಮಾನ ಯುವಕನೂ ಒಬ್ಬ. ವಿಮಾನ ನಿಲ್ದಾಣದ ಗೇಟಿನ ಎದುರು ಎಳನೀರು ಮಾರುತ್ತಿದ್ದ ಅವನು ಸೇವಂತಿಯ ಪಕ್ಕದ ಗುಡಿಸಲಿನವನು. ಅವನ ಹೆಂಡತಿ ಕುಂಞಿಪಾತುಮ್ಮ ಊರಿನಲ್ಲೇ ಇದ್ದಳು.

ತ್ಯಾಂಪಣ್ಣ ಹೆಚ್ಚು ಕಾಲ ಬದುಕಲಿಲ್ಲ. ಒಂದು ಮಳೆಗಾಲದಲ್ಲಿ ಬಂದ ಜ್ವರ ಅವನನ್ನು ಕೊಂಡೊಯ್ದಿತು. ಎಲ್ಲರೂ ಸೇವಂತಿ ಊರಿಗೆ ಹೋಗುತ್ತಾಳೆ ಎಂದುಕೊಂಡರು. ಅವಳು ಹೋಗಲಿಲ್ಲ. ಹುಡುಗರಿಗೆ ಅನ್ನ ಹಾಕುವುದನ್ನು ಬಿಟ್ಟರೆ ಅವಳಿಗೆ ಬೇರೆ ದಿಕ್ಕು ತೋಚಲಿಲ್ಲ. ಮರುವರ್ಷ ಪಂಕಜಾಕ್ಷಿ ಹೇಳಿ ಕಳುಹಿಸಿದಳು: "ದಾಸು ಇಲ್ಲಿ ಸುಮ್ಮನೆ ತಿರುಗ್ತಾ ಇದ್ದಾನೆ. ನಿನ್ನ ಹತ್ತಿರ ಇದ್ದರೆ ಮನುಷ್ಯ ಆದಾನು." ದೇವದಾಸ ಬಂದ. ಓದಿದ್ದ, ಮಾತು ಸಿಹಿ, ಮಾವನ ಹಾಗೆಯೇ ಎತ್ತರ. ಅವನು "ಮಾಮಿ" ಎಂದು ಕರೆಯುತ್ತ ಒಳಗೆ ಬರುವಾಗ, ಸತ್ತ ಗಂಡನ ನೆರಳು ಬಾಗಿಲಲ್ಲಿ ನಿಂತ ಹಾಗೆ ಸೇವಂತಿಗೆ ಅನಿಸುತ್ತಿತ್ತು. ಹುಡುಗರಿಗೆಲ್ಲ ಬಡಿಸಿದ ಮೇಲೆ ಮೀನಿನ ನಡುತುಂಡು ಅವನಿಗೆಂದು ಬೇರೆ ಇಡುತ್ತಿದ್ದಳು.

ಅದೇ ಹೊತ್ತಿಗೆ ರಸ್ತೆಯ ಸುದ್ದಿ ಹುಟ್ಟಿತು. ಪೇಟೆಯಿಂದ ವಿಮಾನ ನಿಲ್ದಾಣವನ್ನು ದಾಟಿ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆ. ಹೋಗುವ ಕಾರಿಗೆ ಒಂದು ಬದಿ, ಬರುವ ಕಾರಿಗೆ ಇನ್ನೊಂದು ಬದಿ. ನಡುವೆ ಸಂತೆ ಇಲ್ಲ, ಎತ್ತಿನಗಾಡಿ ಇಲ್ಲ, ಹಸು ಅಡ್ಡ ಬರುವ ಹಾಗಿಲ್ಲ. ವಿಮಾನಕ್ಕೆ ಹೋಗುವವರು ಎಲ್ಲಿಯೂ ನಿಲ್ಲದೆ ಹೋಗಬೇಕಂತೆ. ಅಳತೆಯವರು ಕೆಂಪು ಬಾವುಟ ಹಿಡಿದು ಬಂದರು, ಗೂಟ ನೆಟ್ಟರು. ಆಮೇಲೆ ಬುಟ್ಟಿ ಹೊರುವವರು, ಜಲ್ಲಿ ಒಡೆಯುವವರು, ರೋಲರಿನವರು ಬಂದರು. ಅವರಲ್ಲಿ ಅರ್ಧ ಜನ ಸೇವಂತಿಯ ಮನೆಯಲ್ಲೇ ಉಂಡು ಕೆಲಸಕ್ಕೆ ಹೋಗುತ್ತಿದ್ದರು. ದೇವದಾಸನಿಗೂ ರಸ್ತೆಯ ಗುತ್ತಿಗೆದಾರನ ಹತ್ತಿರ ಕೆಲಸ ಸಿಕ್ಕಿತು. ಅಳತೆಯವರ ಜೊತೆ ಓಡಾಡುವುದು.

"ದಾಸು, ನಮ್ಮ ಮನೆ ಹೋಗ್ತದಾ?" ಸೇವಂತಿ ಕೇಳಿದಳು.

"ಹೋಗ್ತದೆ ಮಾಮಿ. ಆದರೆ ಬದಲಿಗೆ ಬೇರೆ ಕಡೆ ಕೋಣೆ ಕೊಡ್ತಾರೆ. ಗೋಡೆಯೆಲ್ಲ ಸಿಮೆಂಟು."

"ಯಾವಾಗ?"

"ಈಗ ಎಂತ ಇಲ್ಲ. ಮುಂದಿನ ಮಳೆಗಾಲ ಕಳೀಬೇಕು. ನೀವು ಚಿಂತೆ ಮಾಡ್ಬೇಡಿ, ನಾನಿದ್ದೇನಲ್ಲ."

ದೀಪಾವಳಿ ಕಳೆದ ಮೇಲೆ ಅವನೇ ಒಂದು ಮಾತು ತೆಗೆದ. "ಮಾವ ಹೋದ ಮೇಲೆ ನೀವು ಊರಿಗೇ ಹೋಗ್ಲಿಲ್ಲ. ಅಮ್ಮ ನಿಮ್ಮನ್ನು ಕೇಳ್ತಾ ಇದ್ದಾರೆ. ಒಂದೆರಡು ತಿಂಗಳು ಇದ್ದು ಬನ್ನಿ. ಹುಡುಗರ ಊಟ ನಾನು ನೋಡಿಕೊಳ್ತೇನೆ."

ಸೇವಂತಿ ಬೇಡ ಬೇಡ ಎನ್ನುತ್ತಲೇ ಒಪ್ಪಿದಳು. ಅವನೇ ಹಡಗಿನ ಟಿಕೆಟು ತಂದ. ಧಕ್ಕೆಯವರೆಗೂ ಬಂದು ಗಂಟು ಹೊತ್ತು, ಡೆಕ್ಕಿನಲ್ಲಿ ಗಾಳಿ ಬಾರದ ಮೂಲೆ ಹುಡುಕಿ, ಅವಳಿಗೆ ಚಾಪೆ ಹಾಸಿಕೊಟ್ಟ. ಕೆಳಗಿಳಿಯುವ ಮೊದಲು ಬಗ್ಗಿ ಕಾಲು ಮುಟ್ಟಿದ. ಹಡಗು ಬಿಡುವಾಗ ಸೇವಂತಿ ಪಕ್ಕದ ಹೆಂಗಸಿಗೆ, "ಹೆತ್ತ ಮಗನೂ ಇಷ್ಟು ಮಾಡ್ಲಿಕ್ಕಿಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡಳು.

ಆಲಂಕಾರಿನಲ್ಲಿ ಪಂಕಜಾಕ್ಷಿ ಅವಳನ್ನು ಅಂಗಳದಲ್ಲೇ ತಬ್ಬಿಕೊಂಡಳು. ಬಂದ ಮರುದಿನವೇ ಎಣ್ಣೆಸ್ನಾನ. ಹಿಂದೆ ಕುಳಿತು ತಲೆಗೆ ಎಣ್ಣೆ ಒತ್ತುತ್ತ, "ಎಷ್ಟು ಸೊರಗಿದ್ದಿ, ಕೂದಲೆಲ್ಲ ಬೆಳ್ಳಗಾಗಿದೆ" ಎಂದು ಮರುಗಿದಳು. ಸೇವಂತಿ ದಾಸುವಿನ ಗುಣಗಾನ ಮಾಡಿದಳು. ಧಕ್ಕೆಗೆ ಬಂದದ್ದು, ಚಾಪೆ ಹಾಸಿದ್ದು, ಕಾಲು ಮುಟ್ಟಿದ್ದು. ಪಂಕಜಾಕ್ಷಿಯ ಕೈ ಒಂದು ಗಳಿಗೆ ನಿಂತಿತು. "ಹೌದಾ" ಎಂದಳು. ಮಗನ ನೆನಪಾಗಿ ಮಾತು ಹೊರಡದಾಯಿತು ಎಂದು ಸೇವಂತಿ ಭಾವಿಸಿದಳು.

ದಿನಗಳು ಹೋದವು. ಹೊರಡುತ್ತೇನೆ ಎಂದಾಗಲೆಲ್ಲ ಪಂಕಜಾಕ್ಷಿ ಏನಾದರೊಂದು ನೆಪ ಹೇಳಿ ನಿಲ್ಲಿಸುತ್ತಿದ್ದಳು. ಹಲಸಿನ ಹಪ್ಪಳ ಮಾಡಿ ಹೋಗುವಿಯಂತೆ, ನನಗೆ ಸೊಂಟನೋವು ಉಂಟು, ಇನ್ನು ಸ್ವಲ್ಪ ದಿನ ಇರು.

ಒಂದು ಸೋಮವಾರ ಸೇವಂತಿ ಹಪ್ಪಳಕ್ಕೆ ಮೆಣಸು ತರಲು ಪುತ್ತೂರು ಸಂತೆಗೆ ಹೋದಳು. ಒಣಮೀನಿನ ಸಾಲಿನ ಎದುರು ಯಾರೋ ಒಬ್ಬ ಅವಳನ್ನೇ ನೋಡುತ್ತ ನಿಂತಿದ್ದ. ಕೈಯಲ್ಲಿದ್ದ ಚೀಲ ನೆಲಕ್ಕೆ ಬಿದ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಪೋಕರ್! ನೀನು ಊರಿಗೆ ಯಾವಾಗ ಬಂದದ್ದು?"

ಪೋಕರ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಆಮೇಲೆ ಹತ್ತಿರ ಬಂದು ಅವಳ ಮುಖವನ್ನೂ ಕಾಲನ್ನೂ ನೋಡಿದ. "ಸೇವಂತಿಯಕ್ಕ... ನೀವು... ಯಾ ಅಲ್ಲಾ."

"ಎಂತ ಮಾರಾಯ, ಭೂತ ಕಂಡವನ ಹಾಗೆ ಮಾಡ್ತಿ?"

"ನೀವು ತೀರಿಹೋದ್ರಿ ಅಂತ ಹೇಳಿದ್ರಲ್ಲಕ್ಕ."

ಸೇವಂತಿ ನಕ್ಕುಬಿಟ್ಟಳು. "ಯಾರು ಹೇಳಿದ್ದು?"

"ದೇವದಾಸ."

ಅವನು ಅವಳನ್ನು ಸಂತೆಯಿಂದ ಕರೆದುಕೊಂಡು ಹೋಗಿ, ಸಮೀಪದಲ್ಲೇ ಇದ್ದ ಹೆಂಡತಿಯ ತವರುಮನೆಯ ಜಗಲಿಯಲ್ಲಿ ಕೂರಿಸಿದ. ಕುಂಞಿಪಾತುಮ್ಮ ನೀರು ತಂದಿಟ್ಟಳು. ಪೋಕರ್ ತಲೆ ತಗ್ಗಿಸಿಕೊಂಡು ಹೇಳುತ್ತ ಹೋದ. ಸೇವಂತಿ ಹೊರಟ ಕೆಲವೇ ದಿನಗಳಲ್ಲಿ ದೇವದಾಸ ಅಳುತ್ತ ಕೇರಿಗೆ ಬಂದನಂತೆ. ಊರಿನಿಂದ ತಂತಿ ಬಂದಿದೆ, ಮಾಮಿ ಜ್ವರದಲ್ಲಿ ಹೋದರು ಎಂದನಂತೆ. ತಲೆ ಬೋಳಿಸಿಕೊಂಡ. ಕ್ರಮದ ದಿನಕ್ಕೆ ಸರಿಯಾಗಿ ಉತ್ತರಕ್ರಿಯೆ ಮಾಡಿ ಬೊಜ್ಜದ ಊಟವನ್ನೂ ಹಾಕಿಸಿದ.

"ನಿಮ್ಮ ಮನೆಯಲ್ಲೇ ಅಕ್ಕ. ನಿಮ್ಮದೇ ಪಾತ್ರೆಯಲ್ಲಿ. ಬೊಜ್ಜಕ್ಕೆ ತೆಂಗಿನಕಾಯಿ ಕೊಟ್ಟದ್ದು ನಾನೇ. ಹುಡುಗರೆಲ್ಲ ಅಳ್ತಾ ಊಟ ಮಾಡಿದ್ರು. ಕೆಲವರು ಮಾಡ್ಲೇ ಇಲ್ಲ."

"ಯಾಕೆ?" ಸೇವಂತಿ ಕೇಳಿದಳು. "ಅವನು ಯಾಕೆ ಹಾಗೆ ಮಾಡಿದ್ದು?"

"ಅದಾದ ಮೇಲೆ ರಸ್ತೆಯವರು ಮನೆ ಗುರುತು ಮಾಡ್ಲಿಕ್ಕೆ ಬಂದ್ರು. ಬಾಗಿಲಲ್ಲಿ ಯಾರು ಇದ್ದಾರೋ ಅವರಿಗೆ ಬದಲಿ ಕೋಣೆ. ದೇವದಾಸ ನಿಂತಿದ್ದ. ಮಾವನ ಮನೆ, ಮಾವ ಮಾಮಿ ಇಬ್ಬರೂ ಇಲ್ಲ, ನಾನೇ ವಾರಸುದಾರ ಅಂದ. ಹೌದಾ ಅಂತ ಆಚೀಚೆಯವರನ್ನು ಕೇಳಿದ್ರು." ಪೋಕರ್ ಮುಖ ಒರೆಸಿಕೊಂಡ. "ನಾನೂ ಹೌದು ಅಂತ ಹೇಳಿದೆ ಅಕ್ಕ. ನಂಗೆ ಎಂತ ಗೊತ್ತಿತ್ತು? ನಿಮ್ಮ ಬೊಜ್ಜ ಉಂಡವ ನಾನು."

ಸೇವಂತಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಹಡಗಿನಲ್ಲಿ ಆ ಹೆಂಗಸಿಗೆ ಹೇಳಿದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಆಮೇಲೆ, ಇದು ಪಂಕಜಾಕ್ಷಿಗೆ ತಿಳಿದರೆ ಅವಳ ಎದೆ ಒಡೆದೀತು ಎಂದು ಅನಿಸಿತು. ಅತ್ತಿಗೆಗೆ ಈಗ ಹೇಳುವುದು ಬೇಡ, ಮೊದಲು ದಾಸುವಿನ ಬಾಯಿಂದಲೇ ಕೇಳಬೇಕು ಎಂದು ನಿಶ್ಚಯಿಸಿದಳು. ಪೋಕರ್ ಆ ವಾರವೇ ಹೊರಡುವವನಿದ್ದ. ಕುಂಞಿಪಾತುಮ್ಮ ಗಂಡನಿಗೆ, "ಅಕ್ಕನನ್ನು ಜೊತೆಯಲ್ಲೇ ಕರ್ಕೊಂಡು ಹೋಗಿ. ಒಬ್ಬರೇ ಬಿಡ್ಬೇಡಿ" ಎಂದಳು. ಅತ್ತಿಗೆಗೆ ಕಡಬದ ಅಣ್ಣನ ಮನೆಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಸೇವಂತಿ ಹೊರಟಳು.

ಬೊಂಬಾಯಿಯಲ್ಲಿ ಬಸ್ಸಿನಿಂದ ಇಳಿದಾಗ ಸೇವಂತಿಗೆ ಎಲ್ಲಿ ನಿಂತಿದ್ದೇನೆಂದು ತಿಳಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಎಂದು ದಾಸು ಹೇಳಿದ್ದ, ಆದರೆ ಮಳೆ ಬರುವ ಮೊದಲೇ ಕೇರಿ ಇರಲಿಲ್ಲ. ಬಾವಿ, ಹನುಮಂತನ ಕಟ್ಟೆ ಒಂದೂ ಇರಲಿಲ್ಲ. ಎರಡು ಕಡೆಯೂ ಕಣ್ಣು ಹೋಗುವಷ್ಟು ದೂರ ಅಗಲವಾದ ಮಣ್ಣಿನ ದಾರಿ ಚಾಚಿತ್ತು. ಒಂದು ಬದಿಗೆ ಆಗಲೇ ಡಾಮರು ಬಿದ್ದು ಕಾರುಗಳು ಸುಯ್ ಎಂದು ಓಡುತ್ತಿದ್ದವು. ಇನ್ನೊಂದು ಬದಿಯಲ್ಲಿ ರೋಲರು ಜಲ್ಲಿಯನ್ನು ಅರೆಯುತ್ತಿತ್ತು.

"ನಿಮ್ಮ ಒಲೆ ಇದ್ದದ್ದು ಹೆಚ್ಚುಕಡಿಮೆ ಅಲ್ಲಿ" ಎಂದು ಪೋಕರ್ ಕಾರು ಓಡುವ ಕಡೆಗೆ ಕೈ ತೋರಿಸಿದ. ಸೇವಂತಿ ನೋಡಿದಳು. ತ್ಯಾಂಪಣ್ಣ ಪ್ರಾಣ ಬಿಟ್ಟದ್ದೂ ಅಲ್ಲೇ. ರಸ್ತೆಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅದು ಮೊದಲೇ ಹೇಳಿಯೇ ಬಂದಿತ್ತಲ್ಲ.

ಬದಲಿ ಕೋಣೆಗಳು ರೈಲುಹಳಿಯ ಆಚೆ, ಉಪ್ಪಿನ ಗದ್ದೆಗಳ ಹತ್ತಿರ ಇದ್ದವು. ದೇವದಾಸ ಕೋಣೆಯ ಎದುರು ಬನಿಯನಿನಲ್ಲಿ ಕುಳಿತು ಗಡ್ಡ ಕೆರೆಯುತ್ತಿದ್ದ. ಅವಳನ್ನು ಕಂಡವನೇ ಎದ್ದ. ಅರ್ಧ ಮುಖದಲ್ಲಿ ಸಾಬೂನು ಹಾಗೆಯೇ ಇತ್ತು.

"ಮಾಮಿ, ಒಳಗೆ ಬನ್ನಿ."

"ಇಲ್ಲೇ ಹೇಳು. ನಾನು ಸತ್ತದ್ದು ಯಾವಾಗ ದಾಸು?"

ಅವನು ಪೋಕರನನ್ನು ನೋಡಿದ, ಆಚೀಚೆಯ ಬಾಗಿಲುಗಳನ್ನು ನೋಡಿದ, ಧ್ವನಿ ತಗ್ಗಿಸಿದ. "ತಪ್ಪು ತಿಳ್ಕೊಳ್ಬೇಡಿ. ನಿಮಗೆ ಮಕ್ಕಳಿಲ್ಲ. ನಾಳೆ ಹೇಗೂ ಇದು ನನಗೇ ಬರುದಲ್ವಾ? ಒಬ್ಬ ವಿಧವೆ ಹೆಂಗಸಿನ ಹೆಸರಲ್ಲಿ ಇದ್ದರೆ ನೂರು ಜನ ಕಣ್ಣು ಹಾಕ್ತಾರೆ."

"ಕೇಳಿದ್ದರೆ ನಾನೇ ಕೊಡ್ತಿದ್ದೆ."

"ಕೊಡ್ತಿದ್ರಿ ಅಂತ ಹೇಗೆ ಗೊತ್ತು? ಕಡಬದಲ್ಲಿ ನಿಮ್ಮ ಅಣ್ಣನ ಮಕ್ಕಳಿದ್ದಾರೆ."

"ಕೇಳ್ಬಹುದಿತ್ತಲ್ಲ."

ಪಕ್ಕದ ಕೋಣೆಯ ಹೆಂಗಸರು ಹೊರಗೆ ಬಂದು ನಿಂತರು. ಬೇರೆ ಕೇರಿಯಿಂದ ಬಂದವರು, ಸೇವಂತಿಯ ಪರಿಚಯವಿಲ್ಲದವರು. ಯಾರಿವರು ಎಂದು ಒಬ್ಬಳು ಹಿಂದಿಯಲ್ಲಿ ಕೇಳಿದಳು. ದೇವದಾಸ ಮುಖದ ಸಾಬೂನನ್ನು ಒರೆಸಿಕೊಂಡ. "ಊರಿನವಳು. ತಲೆ ಸ್ವಲ್ಪ ಸರಿ ಇಲ್ಲ" ಎಂದು ಹಿಂದಿಯಲ್ಲೇ ಉತ್ತರಿಸಿದ.

ಪೋಕರ್ ಅವನ ಮೇಲೆ ಏರಿಹೋದ. ಸೇವಂತಿ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಅಷ್ಟು ಹಿಂದಿ ಅರ್ಥವಾಗುತ್ತಿತ್ತು.

ಮರುದಿನ ಇಬ್ಬರೂ ರಸ್ತೆಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ವಯಸ್ಸಾದ ಮನುಷ್ಯ, ಕುರ್ಚಿ ಕೊಟ್ಟು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಆಮೇಲೆ ಪೋಕರನತ್ತ ತಿರುಗಿ, ಆ ದಿನ ಈಕೆ ಸತ್ತಳು ಎಂದವನೂ ನೀನೇ ಅಲ್ಲವೆ ಎಂದು ಕೇಳಿದ. ಹೌದು ಎಂದು ಪೋಕರ್ ಒಪ್ಪಿಕೊಂಡ. ಸತ್ತಳೆಂದು ಮೊದಲು ಹೇಳಿದ ದೇವದಾಸ ಗಂಡನ ರಕ್ತಸಂಬಂಧಿ. ಇವಳೇ ತ್ಯಾಂಪಣ್ಣನ ಹೆಂಡತಿ ಎಂದು ಅದೇ ಮನೆಯ ಹಿರಿಯರು ಒಬ್ಬರು ಬಂದು ನನ್ನ ಎದುರು ಹೇಳಲಿ, ಕೋಣೆ ಇವಳಿಗೇ ಕೊಡಿಸುತ್ತೇನೆ ಎಂದ ಅಧಿಕಾರಿ. ನ್ಯಾಯದ ಮಾತೇ ಅದು. ಸೇವಂತಿಗೆ ಧೈರ್ಯ ಬಂತು. ಹೊರಗೆ ಬಂದವಳೇ, "ಅತ್ತಿಗೆ ಬರ್ತಾರೆ. ಹಡಗಿನಲ್ಲಿ ವಾಂತಿ ಆದರೂ ಬರ್ತಾರೆ" ಎಂದಳು.

ಅವಳು ಆಲಂಕಾರಿಗೆ ಮರಳಿದಾಗ ಮಧ್ಯಾಹ್ನ. ಪಂಕಜಾಕ್ಷಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಸೇವಂತಿ ಜಗಲಿಯಲ್ಲಿ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅತ್ತಿಗೆಗೆ ನೋವಾಗಬಾರದೆಂದು ಕೆಲವು ಮಾತುಗಳನ್ನು ಮೆತ್ತಗೆ ಮಾಡಿದಳು. ತಲೆ ಸರಿ ಇಲ್ಲ ಎಂದದ್ದನ್ನು ಹೇಳಲೇ ಇಲ್ಲ. ಪಂಕಜಾಕ್ಷಿ ಹಪ್ಪಳ ತಿರುಗಿಸುತ್ತಲೇ ಇದ್ದಳು. ಅಯ್ಯೋ ಎನ್ನಲಿಲ್ಲ, ಹೌದಾ ಎಂದೂ ಕೇಳಲಿಲ್ಲ.

ಅವಳ ಕೈಯನ್ನೇ ನೋಡುತ್ತಿದ್ದ ಸೇವಂತಿಯ ಮಾತು ನಿಂತುಹೋಯಿತು.

"ಅತ್ತಿಗೆ," ಎಂದಳು, "ನಿಮಗೆ ಗೊತ್ತಿತ್ತಾ?"

ಪಂಕಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾನು ಇಲ್ಲಿಗೆ ಬರುವ ಮೊದಲೇ?"

"ಅವ ಹೇಳಿ ಕಳುಹಿಸಿದ್ದ. ಸ್ವಲ್ಪ ಕಾಲ ನಿನ್ನನ್ನು ಇಲ್ಲೇ ಇರಿಸ್ಕೊಳ್ಬೇಕು ಅಂತ. ಸತ್ತಳು ಅಂತ ಹೇಳ್ತಾನೆ ಅಂತ ನನಗೆ ಮೊದಲು ಗೊತ್ತಿರ್ಲಿಲ್ಲ, ದೇವರಾಣೆ. ಆಮೇಲೆ ಗೊತ್ತಾಯ್ತು."

"ಆಮೇಲೆ ಅಂದರೆ? ನನ್ನ ತಲೆಗೆ ಎಣ್ಣೆ ಹಾಕುವಾಗ ಗೊತ್ತಿತ್ತಾ?"

ಪಂಕಜಾಕ್ಷಿ ಕೈಯಲ್ಲಿದ್ದ ಹಪ್ಪಳ ಕೆಳಗಿಟ್ಟಳು. ಅಂಗಳದಿಂದ ಎದ್ದು ಬಂದು ಸೇವಂತಿಯ ಕಾಲ ಬುಡದಲ್ಲಿ ಕುಳಿತಳು. "ನನಗಿರುದು ಅವ ಒಬ್ಬ. ನಾನು ಬಂದು ಹೇಳಿದರೆ ಅವನನ್ನು ಪೊಲೀಸರು ಹಿಡೀತಾರೆ. ನೀನು ಒಬ್ಬಳೇ ಜೀವ, ನಿನಗೆ ಬೊಂಬಾಯಿಯಲ್ಲಿ ಎಂತ ಉಂಟು? ಇಲ್ಲೇ ಇರು. ನಾನು ಉಣ್ಣುದನ್ನೇ ನಿನಗೆ ಹಾಕ್ತೇನೆ, ಸಾಯುವ ತನಕ. ಇದು ನಿನ್ನದೇ ಮನೆ ಅಲ್ವಾ?"

"ಅಲ್ಲ" ಎಂದಳು ಸೇವಂತಿ. "ಇದು ನಿಮ್ಮದು. ನನ್ನದು ರಸ್ತೆಯಲ್ಲಿ ಹೋಯ್ತು."

ಬೈಯುವ ಮಾತುಗಳು ಬಾಯಿಗೆ ಬಂದಿದ್ದವು, ಆದರೆ ಎದುರು ಕುಳಿತವಳು ಅಳುವ ರೀತಿ ಅವಳಿಗೆ ತೀರ ಪರಿಚಯದ್ದು. ಮಕ್ಕಳು ಹೋದಾಗ ಪಕ್ಕದಲ್ಲಿ ಮಲಗಿ ಅತ್ತದ್ದೂ ಹೀಗೆಯೇ. ಹಾಗಾದರೆ ಅದೂ ಸುಳ್ಳೇ? ಅಥವಾ ಅದು ನಿಜ, ಇದೂ ನಿಜವೇ? ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಅವಳಿಗೆ ದ್ವೇಷಿಸಲಾದರೂ ಆಗುತ್ತಿತ್ತು. ಬಂದ ಗಂಟನ್ನು ಬಿಚ್ಚದೆ ಹಾಗೆಯೇ ಎತ್ತಿಕೊಂಡು ಬಸ್ಸಿಗೆ ನಡೆದಳು. ಪಂಕಜಾಕ್ಷಿ ನೀರು ಹರಿಯುವ ತೋಡಿನವರೆಗೆ ಕೂಗುತ್ತ ಹಿಂದೆ ಬಂದಳು. ಸೇವಂತಿ ತಿರುಗಲಿಲ್ಲ.

ಕಡಬದ ಅಣ್ಣನ ಮನೆಯಲ್ಲಿ ಕೆಲವು ದಿನ ಇದ್ದಳು. ಅಲ್ಲಿ ಎಲ್ಲರೂ ಕೋರ್ಟಿಗೆ ಹೋಗಬೇಕೆಂದು ಹೇಳಿದರು. ಜೊತೆಗೆ ಬರುತ್ತೇನೆಂದು ಯಾರೂ ಹೇಳಲಿಲ್ಲ. ಕೊನೆಗೆ ಕುಂಞಿಪಾತುಮ್ಮನೇ ಹೇಳಿ ಕಳುಹಿಸಿದಳು. ಅವಳ ತವರಿನವರಿಗೆ ಪುತ್ತೂರು ಪೇಟೆಯಲ್ಲಿ ಒಂದು ಕಟ್ಟಡವಿತ್ತು, ಅದರ ಹಿಂಬದಿಯಲ್ಲಿ ಅಡುಗೆಗೆ ಆಗುವಂಥ ಎರಡು ಕೋಣೆ ಖಾಲಿ ಇದ್ದವು. ಸೇವಂತಿ ಅಲ್ಲಿ ಒಲೆ ಹಾಕಿದಳು. ಶಾಲೆಯ ಮಾಸ್ತರರು, ಕೋರ್ಟಿನ ಗುಮಾಸ್ತರು, ಲಾರಿಯವರು ಊಟಕ್ಕೆ ಬಂದರು. ಅವಳ ಬಂಗುಡೆ ಸಾರಿಗೆ ಹೆಸರಾಯಿತು. ಪೋಕರ್ ಊರಿಗೆ ಬಂದಾಗಲೆಲ್ಲ ಬಂದು ಕೂರುತ್ತಿದ್ದ. ಬೊಂಬಾಯಿಯ ರಸ್ತೆ ಪೂರ್ತಿಯಾಯಿತು, ರಾತ್ರಿಯೂ ದೀಪ ಉರಿಯುತ್ತದೆ ಎಂದು ಸುದ್ದಿ ಹೇಳುತ್ತಿದ್ದ. ಸೇವಂತಿ ಕೇಳುತ್ತಿದ್ದಳು. ಆದರೆ ಉಣ್ಣಲು ಬಂದವರಲ್ಲಿ ಯಾರಾದರೂ ಹುಡುಗ ಹೆಚ್ಚು ಸಲಿಗೆಯಿಂದ ಅಮ್ಮ, ಚಿಕ್ಕಮ್ಮ ಎಂದು ಕರೆದರೆ ಅವಳು ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಮೊದಲು ಹಾಗಿರಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಪಂಕಜಾಕ್ಷಿ ಬಂದಳು. ಊಟದ ಗಿರಾಕಿಗಳೆಲ್ಲ ಎದ್ದುಹೋಗಿದ್ದ ಹೊತ್ತು. ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆ ಇತ್ತು. ಬಾಗಿಲಲ್ಲೇ ನಿಂತಳು.

"ದಾಸುವಿಗೆ ಮದುವೆ" ಎಂದಳು. "ನರಿಮೊಗರಿನ ಸಂಬಂಧ. ನೀನು ಬರ್ಬೇಕು."

ಸೇವಂತಿ ಬಾಳೆಲೆ ಎತ್ತುತ್ತಿದ್ದಳು.

"ಹುಡುಗಿಯ ಕಡೆಯವರು ಕೇಳ್ತಾ ಇದ್ದಾರೆ. ಬೊಂಬಾಯಿಯಲ್ಲಿ ಸಾಕಿದ ಮಾಮಿ ಎಲ್ಲಿ ಅಂತ. ಏನೋ ಗುಸುಗುಸು ಅವರ ಕಿವಿಗೂ ಬಿದ್ದಿದೆ. ನೀನು ಬಂದು ಒಂದು ಗಳಿಗೆ ಚಪ್ಪರದಲ್ಲಿ ಕೂತರೆ ಸಾಕು. ಅವನೂ ನಿನ್ನ ಕಾಲು ಹಿಡೀತಾನೆ ಅಂತ ಹೇಳಿದ್ದಾನೆ."

"ಕಾಲು ಒಮ್ಮೆ ಹಿಡಿದಿದ್ದಾನಲ್ಲ" ಎಂದಳು ಸೇವಂತಿ. "ಸತ್ತವರನ್ನು ಮದುವೆಗೆ ಕರೆಯುವ ಕ್ರಮ ನಮ್ಮಲ್ಲಿ ಇಲ್ಲ ಅತ್ತಿಗೆ."

"ಅಷ್ಟು ಕಲ್ಲು ಮನಸ್ಸು ಮಾಡ್ಬೇಡ ಮಾರಾಯ್ತಿ."

"ನಾನು ಬದುಕಿದ್ದೇನೆ ಅಂತ ಹೇಳ್ಲಿಕ್ಕೆ ಆಗ ನಿಮಗೆ ಬಾಯಿ ಬರ್ಲಿಲ್ಲ. ಈಗ ನಿಮಗೆ ಬೇಕಾಗಿದೆ ಅಂತ ನಾನು ಬದುಕಿ ಬರ್ಬೇಕಾ?"

ಪಂಕಜಾಕ್ಷಿ ಹರಿವಾಣವನ್ನು ಬೆಂಚಿನ ಮೇಲಿಟ್ಟು ಕುಳಿತಳು. ಅವಳು ಮುದುಕಿಯಾಗಿದ್ದಳು, ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಸೇವಂತಿ ಒಂದು ಎಲೆ ಹಾಕಿದಳು. ಉಳಿದಿದ್ದ ಅನ್ನ, ಸಾರು ಬಡಿಸಿದಳು. ಗಿರಾಕಿಗಳಿಗೆ ಬಡಿಸುವ ಹಾಗೆ ಎದುರು ನಿಂತು ಬಡಿಸಿದಳು, ಪಕ್ಕದಲ್ಲಿ ಕೂರಲಿಲ್ಲ. ಪಂಕಜಾಕ್ಷಿ ಎರಡು ತುತ್ತು ಉಂಡು ಕೈ ತೊಳೆದಳು. ಹೋಗುವಾಗ ಹರಿವಾಣವನ್ನು ಬಿಟ್ಟು ಹೋಗಲು ನೋಡಿದಳು. ಸೇವಂತಿ ಅದನ್ನು ಎತ್ತಿ ಅವಳ ಕೈಗೇ ಕೊಟ್ಟಳು.

ಆ ಸಂಬಂಧ ಮುರಿಯಿತು. ಮುಂದೆ ದೇವದಾಸ ಬೊಂಬಾಯಿಯಲ್ಲೇ ಬೇರೆ ಯಾರನ್ನೋ ಮದುವೆಯಾದನೆಂದು ಪೋಕರ್ ಹೇಳಿದ. ಸಂಬಂಧ ಮುರಿಯುವ ಮೊದಲು ನರಿಮೊಗರಿನ ಹುಡುಗಿಯ ಕಡೆಯವರು ಪುತ್ತೂರಿಗೆ ಬಂದು, ಬೊಜ್ಜದ ಸುದ್ದಿ ನಿಜವೇ ಎಂದು ಸೇವಂತಿಯನ್ನು ವಿಚಾರಿಸಿದ್ದು ಹೌದು. ಅವಳು ದೂರು ಹೇಳಲಿಲ್ಲ, ಹೊಗಳಲೂ ಇಲ್ಲ. "ತ್ಯಾಂಪಣ್ಣನ ಹೆಂಡತಿ ಸೇವಂತಿ ನಾನೇ" ಎಂದಷ್ಟೇ ಹೇಳಿ, ಅವರಿಗೂ ಊಟ ಬಡಿಸಿದಳು.